ಮರಳುನದಿಗಳ ತಳದ ಗಣಿತ

ನದಿಯೆಂದರೆ ನೀರು ಎಂಬುದು ಲೋಕರೂಢಿಯ ಭಾವನೆ. ಆ ನೀರು ಹರಿಯುವ ಹಾಸನ್ನು ಕುರಿತು ಯೋಚಿಸುವವರು ವಿರಳ. ಬಂಡೆಯ ಹಾಸುಳ್ಳ ನದಿಯಲ್ಲಿ ಈ ಉಪೇಕ್ಷೆಯಿಂದ ಹೆಚ್ಚಿನ ಹಾನಿಯಿಲ್ಲ. ತಲೆಮಾರುಗಳು ಕಳೆದರೂ ಹಾಸು ಇದ್ದಲ್ಲಿಯೇ ಇರುತ್ತದೆ. ಮರಳಿನ ಹಾಸುಳ್ಳ ನದಿಯ ಸಂಗತಿ ಬೇರೆ. ಅಲ್ಲಿ ನೀರಿನೊಡನೆ ತಳವೂ ಹರಿಯುತ್ತದೆ. ಈ ವರ್ಷ ಮಡುವಿದ್ದ ಕಡೆ ಮುಂದಿನ ವರ್ಷ ದಿಬ್ಬವಿರಬಹುದು. ದಿಬ್ಬವಿದ್ದ ಕಡೆ ಸೇತುವೆಯ ಕಂಬದ ಬುಡ ಬರಿದಾಗಿ ತೋರಬಹುದು. ಇಂತಹ ನದಿಗೆ ಅಣೆಕಟ್ಟು ಕಟ್ಟುವವರು, ನಾಲೆ ತೆಗೆಯುವವರು, ಪ್ರವಾಹದ ಎತ್ತರವನ್ನು ಮುಂಗಂಡು ಹೇಳಬೇಕಾದವರು ಎಲ್ಲರೂ ನೀರಿನ ಲೆಕ್ಕದ ಜೊತೆಗೆ ತಳದ ಲೆಕ್ಕವನ್ನೂ ಇಡಬೇಕಾಗುತ್ತದೆ. ಈ ಎರಡನೆಯ ಲೆಕ್ಕವನ್ನು ಗಣಕಯಂತ್ರದ ನೆರವಿನಿಂದ ಮಾಡುವ ವಿದ್ಯೆಗೆ ಸಂಖ್ಯಾತ್ಮಕ ಪ್ರತಿರೂಪಣ ಎಂದು ಹೆಸರು. ಹೆಸರು ಭಾರವಾಗಿದ್ದರೂ ಅದರ ಹುರುಳು ಅಂಗಡಿಯ ಜಮಾಖರ್ಚಿಗಿಂತ ಕಠಿನವಾದುದಲ್ಲ. ಕಾಠಿನ್ಯವಿರುವುದು ಪುಸ್ತಕದಲ್ಲಿ ಬರೆಯಬೇಕಾದ ಅಂಕೆಗಳನ್ನು ನದಿಯಿಂದ ಪಡೆಯುವುದರಲ್ಲಿ.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ೧೯೦೮ರ ಸೆಪ್ಟೆಂಬರಿನ ಮೂಸಿಯ ಮಹಾಪೂರ, ಅದರ ತರುವಾಯ ವಿಶ್ವೇಶ್ವರಯ್ಯನವರು ಸೂಚಿಸಿದ ಪ್ರವಾಹರಕ್ಷಣೆಯ ಯೋಜನೆ, ಅದರ ಫಲವಾಗಿ ೧೯೨೦ರಲ್ಲಿ ಉಸ್ಮಾನ್‌ಸಾಗರವೂ ೧೯೨೭ರಲ್ಲಿ ಹಿಮಾಯತ್‌ಸಾಗರವೂ ಪೂರ್ಣಗೊಂಡುದು ಎಲ್ಲರಿಗೂ ತಿಳಿದ ಚರಿತ್ರೆ. ಆದರೆ ತಳದ ಗಣಿತವನ್ನು ಕಲಿಸುವ ನದಿಗಳು ಬೇರೆ ಎರಡು. ಒಂದು, ಬೀದರದ ಜನ ಮಾಂಜ್ರಾ ಎಂದು ಕರೆಯುವ ಮಂಜೀರಾ, ಮತ್ತೊಂದು ತುಂಗಭದ್ರಾ. ಎರಡರ ಮೇಲೂ ಹಿಂದಿನ ಹೈದರಾಬಾದು ಸಂಸ್ಥಾನದ ಕೈಗುರುತು ಇದೆ. ಎರಡೂ ಕನ್ನಡ ನೆಲವನ್ನು ಹಾದು ಹೋಗುತ್ತವೆ.

ನಿಜಾಮಸಾಗರದ ಪಾಠ

ಮಂಜೀರಾ ನದಿ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ, ಬಾಲಾಘಾಟದ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ. ಲಾತೂರು ಪ್ರಾಂತವನ್ನು ದಾಟಿ ಬೀದರ ಜಿಲ್ಲೆಯಲ್ಲಿ ಹರಿದು ತೆಲಂಗಾಣವನ್ನು ಹೊಕ್ಕು, ಉತ್ತರಕ್ಕೆ ತಿರುಗಿ, ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಅದರ ಒಟ್ಟು ಉದ್ದ ಸುಮಾರು ೭೨೪ ಕಿಲೋಮೀಟರು. ಮಳೆಗಾಲದಲ್ಲಿ ಕೆಂಪು ಕಪ್ಪು ಬೆರೆತ ನೀರು ದಡ ಮುಟ್ಟಿ ಹರಿಯುತ್ತದೆ. ಬೇಸಗೆಯಲ್ಲಿ ಅಗಲವಾದ ಉಸುಕಿನ ಹಾಸು ಮಾತ್ರ ಉಳಿದು, ಅದರಲ್ಲಿ ಒರತೆ ತೋಡಿ ಜನ ನೀರು ತೆಗೆಯುತ್ತ ಬಂದಿದ್ದಾರೆ.

ಈ ನದಿಗೆ ಅಡ್ಡಲಾಗಿ, ಹೈದರಾಬಾದು ನಗರದ ವಾಯವ್ಯಕ್ಕೆ ಸುಮಾರು ೧೪೫ ಕಿಲೋಮೀಟರು ದೂರದಲ್ಲಿ, ೧೯೨೩ರಿಂದ ೧೯೩೧ರ ವರೆಗೆ ನಿಜಾಮಸಾಗರವನ್ನು ಕಟ್ಟಲಾಯಿತು. ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರ ಹೆಸರು ಆ ಕಾರ್ಯದೊಡನೆ ಸೇರಿಕೊಂಡಿದೆ. ಜಲಾಶಯದ ಮೂಲ ಸಂಗ್ರಹಶಕ್ತಿ ಸುಮಾರು ೨೯.೭ ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಎಕರೆ-ಅಡಿಯ ಲೆಕ್ಕದಲ್ಲಿ ಅದು ಸುಮಾರು ೨೩,೦೦೦. ೨,೭೫,೦೦೦ ಎಕರೆಗಳ ಅಚ್ಚುಕಟ್ಟಿಗೆ ನೀರುಣಿಸಬೇಕೆಂಬುದು ಯೋಜಕರ ಸಂಕಲ್ಪವಾಗಿತ್ತು.

೧೯೭೦ರ ದಶಕದ ಆರಂಭದಲ್ಲಿ ಜಲಾಶಯವನ್ನು ಅಳೆದು ನೋಡಿದಾಗ ಉಳಿದಿದ್ದ ಸಂಗ್ರಹಶಕ್ತಿ ೧೧.೮ ಟಿ.ಎಂ.ಸಿ. ಮಾತ್ರ. ನಾಲ್ಕು ದಶಕಗಳಲ್ಲಿ ಹತ್ತರಲ್ಲಿ ಆರು ಪಾಲು ಸ್ಥಳವನ್ನು ನದಿಯು ತಾನು ತಂದ ಸರಕಿನಿಂದ ತುಂಬಿತ್ತು. ಮುಂದೆ ಜಲಾಶಯದ ಪೂರ್ಣಮಟ್ಟವನ್ನು ಏರಿಸಿ ಶಕ್ತಿಯನ್ನು ೧೭.೮ ಟಿ.ಎಂ.ಸಿ.ಗೆ ತರಲಾಯಿತು.

ಈ ನಷ್ಟ ಅನಿರೀಕ್ಷಿತವಾಗಿದ್ದುದಕ್ಕೆ ಕಾರಣವೇನು? ಭಾರತದ ಜಲಾಶಯಗಳ ಹೂಳನ್ನು ಕುರಿತ ಗ್ರಂಥಗಳಲ್ಲಿ ಮತ್ತೆ ಮತ್ತೆ ಉದ್ಧೃತವಾಗುವ ಪಟ್ಟಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ನಿಜಾಮಸಾಗರಕ್ಕೆ ವರ್ಷಕ್ಕೆ ೫೩೦ ಎಕರೆ-ಅಡಿ ಹೂಳು ಬರುವುದೆಂದು ಊಹಿಸಲಾಗಿತ್ತು; ವಾಸ್ತವವಾಗಿ ಬಂದುದು ೮,೭೨೫ ಎಕರೆ-ಅಡಿ. ಅಂದರೆ ಊಹೆಯ ಹದಿನಾರು ಪಟ್ಟಿಗೂ ಮಿಗಿಲು. ಮೊದಲ ಅಂಕೆಯನ್ನು ನಂಬಿದವನಿಗೆ ಜಲಾಶಯ ಪೂರ್ತಿ ತುಂಬಲು ಹನ್ನೆರಡು ಶತಮಾನಗಳಿಗೂ ಹೆಚ್ಚು ಕಾಲ ಬೇಕೆಂದು ತೋರುತ್ತದೆ. ಎರಡನೆಯ ಅಂಕೆಯಿಂದ ಭಾಗಿಸಿದರೆ ಎಂಬತ್ತು ವರ್ಷವೂ ದೊರೆಯುವುದಿಲ್ಲ. ಭಾಗಾಕಾರದಲ್ಲಿ ತಪ್ಪಿರಲಿಲ್ಲ, ಭಾಜಕವೇ ತಪ್ಪಾಗಿತ್ತು. ಇಂದಿನ ಅತ್ಯಂತ ವೇಗದ ಗಣಕಯಂತ್ರಕ್ಕೆ ಆ ೫೩೦ನ್ನು ಕೊಟ್ಟಿದ್ದರೂ ಅದು ಹನ್ನೆರಡು ಶತಮಾನವೆಂದೇ ಹೇಳುತ್ತಿತ್ತು.

ಮರಳು ಮತ್ತು ಹೂಳು

ನದಿ ಹೊತ್ತು ತರುವ ಸರಕನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಗಣಿತಕ್ಕೆ ಮಾತ್ರ ಈ ಸಡಿಲತೆ ಹೊಂದುವುದಿಲ್ಲ. ಅದರಲ್ಲಿ ಎರಡು ಕುಲಗಳಿವೆ.

ಮೊದಲನೆಯದು ಮರಳು. ಸುಮಾರು ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಭಾಗದಿಂದ ಎರಡು ಮಿಲಿಮೀಟರಿನ ವರೆಗಿನ ಕಣಗಳಿಗೆ ಈ ಹೆಸರು. ಇವು ನದಿಯ ಹಾಸಿನಲ್ಲಿಯೇ ಹೇರಳವಾಗಿ ಬಿದ್ದಿರುತ್ತವೆ. ನೀರಿಗೆ ಎಷ್ಟು ಬಲವಿದೆಯೋ ಅಷ್ಟನ್ನು ಎತ್ತಿಕೊಳ್ಳುತ್ತದೆ; ಬಲ ಕುಂದಿದೊಡನೆ ಕೆಳಗಿಡುತ್ತದೆ. ಆದ್ದರಿಂದ ನೀರಿನ ವೇಗ, ಆಳ, ಇಳಿಜಾರುಗಳನ್ನೂ ಕಣದ ಗಾತ್ರವನ್ನೂ ತಿಳಿದರೆ ಎಷ್ಟು ಮರಳು ಸಾಗುತ್ತಿದೆಯೆಂಬುದನ್ನು ಸೂತ್ರದಿಂದ ಸ್ಥೂಲವಾಗಿ ಗಣಿಸಬಹುದು.

ಎರಡನೆಯದು ರೇವೆ ಮತ್ತು ಜೇಡಿ. ಈ ನಯವಾದ ಕಣಗಳು ಹಾಸಿನಲ್ಲಿ ನಿಲ್ಲುವುದೇ ಇಲ್ಲ. ನೀರಿನಲ್ಲಿ ಕದಡಿಕೊಂಡು ಬಂದಷ್ಟೂ ಮುಂದೆ ಹೋಗುತ್ತವೆ. ಇವುಗಳ ಪ್ರಮಾಣವನ್ನು ನಿರ್ಣಯಿಸುವುದು ನದಿಯ ಬಲವಲ್ಲ, ಜಲಾನಯನದ ನೆಲ. ಉತ್ತ ಎರೆಭೂಮಿಯ ಮೇಲೆ ಮೊದಲ ಮಳೆ ಬಿದ್ದಾಗ ಹಳ್ಳಕ್ಕೆ ಇಳಿಯುವ ಮಣ್ಣು ಎಷ್ಟು, ಗುಡ್ಡದ ಮೇಲೆ ಹುಲ್ಲು ಉಳಿದಿದೆಯೋ ಇಲ್ಲವೋ, ಬದುಗಳು ಗಟ್ಟಿಯಾಗಿವೆಯೋ ಒಡೆದಿವೆಯೋ ಎಂಬುದರ ಮೇಲೆ ಅದು ನಿಂತಿದೆ. ಯಾವ ಜಲಸೂತ್ರವೂ ಅದನ್ನು ನದಿಯ ವೇಗದಿಂದ ಹೊರತೆಗೆಯಲಾರದು. ಅದನ್ನು ಅಳೆಯಲೇಬೇಕು.

ಮಂಜೀರೆಯ ಮೇಲಣ ಭಾಗ ಬಹುಮಟ್ಟಿಗೆ ಎರೆಮಣ್ಣಿನ ಸೀಮೆ. ಆದಕಾರಣ ಅಲ್ಲಿ ಎರಡು ಲೆಕ್ಕಗಳೂ ಒಟ್ಟಿಗೆ ಬೇಕಾಗುತ್ತವೆ. ಮರಳಿನ ಲೆಕ್ಕ ಹೊಳೆಯಲ್ಲಿದೆ. ಮಣ್ಣಿನ ಲೆಕ್ಕ ಹೊಲದಲ್ಲಿದೆ. ಹೊಳೆಯನ್ನು ಮಾತ್ರ ನೋಡಿದವರು ಹೊಲವನ್ನು ಮರೆಯುವ ಅಪಾಯ ಸದಾ ಇರುತ್ತದೆ.

ಜಮಾಖರ್ಚಿನ ಸೂತ್ರ

ಮರಳಿನ ಚಲನೆಯನ್ನು ಗಣಿತಕ್ಕೆ ಒಳಪಡಿಸುವ ಪ್ರಯತ್ನ ೧೮೭೯ರಲ್ಲಿ ಫ್ರಾನ್ಸಿನ ಡು ಬ್ವಾ ರೋನ್ ನದಿಯನ್ನು ಕುರಿತು ಬರೆದ ಲೇಖನದಿಂದ ಮೊದಲಾಯಿತೆನ್ನಬಹುದು. ನೀರು ತಳವನ್ನು ಉಜ್ಜುವ ಬಲವು ಒಂದು ಮಿತಿಯನ್ನು ದಾಟಿದರೆ ಕಣಗಳು ಕದಲುತ್ತವೆ ಎಂಬುದು ಆತನ ತತ್ತ್ವ. ಆ ಮಿತಿಯನ್ನು ಪ್ರಯೋಗಗಳಿಂದ ನಿಷ್ಕರ್ಷಿಸಿದವನು ಶೀಲ್ಡ್ಸ್; ಬರ್ಲಿನ್ನಿನಲ್ಲಿ ಆತ ಮಾಡಿದ ಕೆಲಸ ೧೯೩೬ರಲ್ಲಿ ಹೊರಬಂದಿತು. ಆತನ ಗಣನೆಯನ್ನು ಅನ್ವಯಿಸಿದರೆ, ಒಂದು ಮೀಟರು ಆಳದ ನೀರಿಗೆ ಕಿಲೋಮೀಟರಿಗೆ ಮೂರು ಸೆಂಟಿಮೀಟರಿನಷ್ಟು ಇಳಿಜಾರಿದ್ದರೆ ಸಾಕು, ಅರ್ಧ ಮಿಲಿಮೀಟರಿನ ಮರಳುಕಣ ಕದಲತೊಡಗುತ್ತದೆ. ಮರಳುನದಿಯ ತಳ ಮಳೆಗಾಲದಲ್ಲಿ ಎಂದೂ ನಿದ್ರಿಸದಿರುವುದಕ್ಕೆ ಇದೇ ಕಾರಣ. ಜ್ಯೂರಿಕ್ಕಿನಲ್ಲಿ ಮೇಯರ್-ಪೀಟರ್ ಮತ್ತು ಮುಲ್ಲರ್ ೧೯೪೮ರಲ್ಲಿ, ವಿಖ್ಯಾತ ಭೌತವಿಜ್ಞಾನಿಯ ಪುತ್ರ ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್ ೧೯೫೦ರಲ್ಲಿ, ಡೆನ್ಮಾರ್ಕಿನ ಎಂಗೆಲುಂಡ್ ಮತ್ತು ಹಾನ್ಸೆನ್ ೧೯೬೭ರಲ್ಲಿ ಸಾಗಾಣಿಕೆಯ ಸೂತ್ರಗಳನ್ನು ಕೊಟ್ಟರು. ಕೊನೆಯದು ಮರಳುನದಿಗಳಿಗೆಂದೇ ಹೆಚ್ಚಾಗಿ ಬಳಕೆಯಲ್ಲಿದೆ.

ಆದರೆ ತಳದ ಏರಿಳಿತವನ್ನು ಹೇಳುವ ಮೂಲಸೂತ್ರ ಆಸ್ಟ್ರಿಯದ ಹವಾಮಾನಶಾಸ್ತ್ರಜ್ಞ ಫೆಲಿಕ್ಸ್ ಎಕ್ಸ್‌ನರನದು. ೧೯೨೦ರ ದಶಕದ ಅದರ ಅರ್ಥ ಬಹು ಸರಳ: ನದಿಯ ಒಂದು ತುಂಡಿಗೆ ಮೇಲಿನಿಂದ ಬಂದ ಮರಳು ಜಮೆ; ಕೆಳಕ್ಕೆ ಹೋದ ಮರಳು ಖರ್ಚು; ಉಳಿದುದು ತಳದಲ್ಲಿ ಕೂಡುತ್ತದೆ; ಕೊರತೆ ಬಿದ್ದರೆ ತಳದಿಂದ ತೆಗೆಯಲ್ಪಡುತ್ತದೆ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಒಂದು ಕಿಲೋಮೀಟರು ಉದ್ದ, ಇನ್ನೂರು ಮೀಟರು ಅಗಲದ ನದೀಖಂಡವನ್ನು ಕಲ್ಪಿಸಿಕೊಳ್ಳಬೇಕು. ಪ್ರವಾಹಕಾಲದಲ್ಲಿ ಅದರೊಳಕ್ಕೆ ಪ್ರತಿ ಸೆಕೆಂಡಿಗೆ ೨೦ ಕಿಲೋಗ್ರಾಂ ಮರಳು ಬರುತ್ತಿದೆ. ೧೨ ಕಿಲೋಗ್ರಾಂ ಹೊರಹೋಗುತ್ತಿದೆ. ಉಳಿಕೆ ೮ ಕಿಲೋಗ್ರಾಂ. ಒಂದು ದಿನಕ್ಕೆ ೮೬,೪೦೦ ಸೆಕೆಂಡುಗಳಾದುದರಿಂದ ದಿನದ ಉಳಿಕೆ ೬,೯೧,೨೦೦ ಕಿಲೋಗ್ರಾಂ. ಮರಳುಕಣದ ಸಾಂದ್ರತೆ ಘನಮೀಟರಿಗೆ ೨,೬೫೦ ಕಿಲೋಗ್ರಾಂ ಎಂದು ಹಿಡಿದರೆ ಇದು ಸುಮಾರು ೨೬೧ ಘನಮೀಟರು ಗಟ್ಟಿ ಪದಾರ್ಥ. ಆದರೆ ಕಣಗಳು ಒಂದರ ಮೇಲೊಂದು ಕುಳಿತಾಗ ನಡುವೆ ಸಂದುಗಳಿರುತ್ತವೆ. ರಾಶಿಯ ನೂರಕ್ಕೆ ನಲವತ್ತು ಪಾಲು ಈ ಸಂದುಗಳೆಂದು ಭಾವಿಸಿದರೆ ತಳದಲ್ಲಿ ಕೂಡುವ ರಾಶಿ ೪೩೫ ಘನಮೀಟರು. ಇದನ್ನು ಎರಡು ಲಕ್ಷ ಚದರ ಮೀಟರಿನ ಮೇಲೆ ಹರಡಿದರೆ ತಳ ಒಂದು ದಿನಕ್ಕೆ ಏರುವುದು ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಲ್ಪವೆಂದು ತೋರಬಹುದು, ಆದರೆ ಇದೇ ಸ್ಥಿತಿ ಅರವತ್ತು ದಿನ ನಡೆದರೆ ಹದಿಮೂರು ಸೆಂಟಿಮೀಟರು, ಇಂತಹ ಹತ್ತು ಮಳೆಗಾಲಗಳು ಕಳೆದರೆ ಒಂದು ಆಳಿನ ಎದೆಮಟ್ಟ.

ಇಲ್ಲಿ ೨೦ ಮತ್ತು ೧೨ ಎಂಬ ಅಂಕೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳುತ್ತದೆ. ಅವು ಸಾಗಾಣಿಕೆಯ ಸೂತ್ರದಿಂದ ಬರಬೇಕು. ಎಂಗೆಲುಂಡ್-ಹಾನ್ಸೆನ್ ಸೂತ್ರದ ಪ್ರಕಾರ, ಇತರ ಸ್ಥಿತಿಗಳು ಸಮವಾಗಿದ್ದರೆ, ಸಾಗುವ ಮರಳು ನೀರಿನ ವೇಗದ ಐದನೆಯ ಘಾತವನ್ನು ಅನುಸರಿಸುತ್ತದೆ. ವೇಗ ಅರ್ಧವಾದರೆ ಮರಳು ಅರ್ಧವಾಗುವುದಿಲ್ಲ. ಮೂವತ್ತೆರಡನೆಯ ಒಂದು ಪಾಲಿಗೆ ಇಳಿಯುತ್ತದೆ. ನದಿ ಜಲಾಶಯದ ತಲೆಯನ್ನು ಮುಟ್ಟುವಲ್ಲಿ ಅಗಲ ಹಾಗೆಯೇ ಇದ್ದು ಆಳ ಇಮ್ಮಡಿಯಾದರೆ ವೇಗ ಅರ್ಧವಾಗುತ್ತದೆ. ಅಲ್ಲಿಯೇ ಮರಳಿನ ಹೊರೆಯೆಲ್ಲ ಇಳಿದುಬಿಡುತ್ತದೆ. ಹೀಗೆ ಜಲಾಶಯದ ಬಾಯಿಯಲ್ಲಿ ಮರಳಿನ ದಿಬ್ಬವೊಂದು ಬೆಳೆದು ಅಣೆಕಟ್ಟಿನತ್ತ ಮೆಲ್ಲನೆ ಸರಿಯುತ್ತದೆ. ಹಿಂದಕ್ಕೂ ಬೆಳೆದು ಮೇಲಿನ ಊರುಗಳ ಬಳಿ ನದಿಯ ತಳವನ್ನು ಏರಿಸುತ್ತದೆ. ನಯವಾದ ಜೇಡಿ ಮಾತ್ರ ಅಣೆಕಟ್ಟಿನ ಬುಡದ ವರೆಗೆ ತಲುಪುತ್ತದೆ.

ಇದರಿಂದ ಹಳೆಯ ಭಾವನೆಯೊಂದು ತಿರಸ್ಕೃತವಾಯಿತು. ತೂಬಿನ ಮಟ್ಟಕ್ಕಿಂತ ಕೆಳಗಿನ, ಬಳಕೆಗೆ ಬಾರದ ಮೃತಸಂಗ್ರಹದಲ್ಲಿ ಹೂಳೆಲ್ಲ ಸದ್ದಿಲ್ಲದೆ ಅಡಗುವುದೆಂದು ಯೋಜಕರು ಒಮ್ಮೆ ನಂಬಿದ್ದರು. ವಾಸ್ತವದಲ್ಲಿ ಮರಳು ಜಲಾಶಯದ ಎತ್ತರದ ಅಂಚಿನಲ್ಲಿ, ರೈತನಿಗೆ ಸಲ್ಲಬೇಕಾದ ಜೀವಸಂಗ್ರಹದ ಜಾಗದಲ್ಲಿಯೇ ಕುಳಿತುಬಿಡುತ್ತದೆ.

ಯಂತ್ರದೊಳಗಿನ ನದಿ

ಗಣಕಯಂತ್ರದಲ್ಲಿ ಮಾಡುವುದೂ ಇದೇ ಲೆಕ್ಕ. ಒಂದು ಖಂಡಕ್ಕೆ ಬದಲಾಗಿ ನೂರಾರು ಖಂಡಗಳಿಗೆ, ಒಂದು ದಿನಕ್ಕೆ ಬದಲಾಗಿ ದಶಕಗಳಿಗೆ. ನದಿಯನ್ನು ಅಡ್ಡಕೊಯ್ತಗಳಾಗಿ ವಿಭಾಗಿಸಿ, ಪ್ರತಿಯೊಂದರ ಅಗಲ, ತಳದ ಮಟ್ಟ, ಮರಳಿನ ಗಾತ್ರಗಳನ್ನು ಮೊದಲು ದಾಖಲು ಮಾಡುತ್ತಾರೆ. ಮೇಲಿನ ತುದಿಯಲ್ಲಿ ಬರುವ ನೀರು ಮತ್ತು ಮರಳು, ಕೆಳಗಿನ ತುದಿಯಲ್ಲಿ ನೀರಿನ ಮಟ್ಟ, ಇವು ಹೊರಗಿನಿಂದ ಕೊಡಬೇಕಾದ ಅಂಕೆಗಳು. ಅನಂತರ ಯಂತ್ರ ನಾಲ್ಕು ಹೆಜ್ಜೆಗಳನ್ನು ಆವರ್ತಿಸುತ್ತದೆ: ತಳ ಸ್ಥಿರವೆಂದು ಭಾವಿಸಿ ನೀರಿನ ಆಳ ವೇಗಗಳನ್ನು ಕಂಡುಹಿಡಿಯುವುದು, ಆ ವೇಗದಿಂದ ಪ್ರತಿ ಕೊಯ್ತದಲ್ಲಿ ಸಾಗುವ ಮರಳನ್ನು ಗಣಿಸುವುದು, ಎಕ್ಸ್‌ನರನ ಜಮಾಖರ್ಚಿನಿಂದ ತಳವನ್ನು ಏರಿಸುವುದು ಅಥವಾ ಇಳಿಸುವುದು, ಬದಲಾದ ತಳದ ಮೇಲೆ ಮತ್ತೆ ನೀರನ್ನು ಹರಿಸುವುದು. ಅಮೆರಿಕದ ಸೇನಾ ಇಂಜಿನಿಯರರ ಜಲಕೇಂದ್ರದಲ್ಲಿ ೧೯೭೦ರ ದಶಕದಲ್ಲಿ ರೂಪುಗೊಂಡ ಹೆಕ್-೬ ಎಂಬ ಕಾರ್ಯಕ್ರಮ ಈ ಮಾರ್ಗದಲ್ಲಿ ಪ್ರಸಿದ್ಧವಾಯಿತು. ಇಂದು ಅದರ ವಂಶದ ಹೊಸ ಕಾರ್ಯಕ್ರಮಗಳು ಸಾಮಾನ್ಯ ಕಚೇರಿಯ ಗಣಕದಲ್ಲಿಯೂ ನಡೆಯುತ್ತವೆ.

ತಳ ಸ್ಥಿರವೆಂದು ಕ್ಷಣಕಾಲ ಭಾವಿಸುವುದು ಹೇಗೆ ಸರಿ ಎಂದು ಕೇಳಬಹುದು. ನದಿಯಲ್ಲಿ ಎರಡು ಗಡಿಯಾರಗಳಿವೆ. ನೀರಿನ ಅಲೆ ಗಂಟೆಗೆ ಹಲವು ಕಿಲೋಮೀಟರು ಓಡುತ್ತದೆ. ತಳದ ಅಲೆ ಮೇಲಿನ ಉದಾಹರಣೆಯಂತಹ ನದಿಯಲ್ಲಿ ದಿನಕ್ಕೆ ಹತ್ತು ಹದಿನೈದು ಮೀಟರು ತೆವಳುತ್ತದೆ. ಮೊದಲನೆಯದನ್ನು ಲೆಕ್ಕಿಸುವಷ್ಟು ಹೊತ್ತು ಎರಡನೆಯದು ನಿಂತಿದೆಯೆಂದರೆ ಬಾಧಕವಿಲ್ಲ. ಆದರೆ ಕಾಲದ ಹೆಜ್ಜೆಯನ್ನು ಅತಿಯಾಗಿ ಹಿಗ್ಗಿಸಕೂಡದು. ಒಂದು ಹೆಜ್ಜೆಯಲ್ಲಿ ತಳದ ಅಲೆ ಒಂದು ಖಂಡವನ್ನೇ ದಾಟಿಬಿಟ್ಟರೆ ಲೆಕ್ಕ ಕೆಡುತ್ತದೆ. ಒಂದು ಕೊಯ್ತದಲ್ಲಿ ದಿಬ್ಬ, ಮುಂದಿನದರಲ್ಲಿ ಹೊಂಡ, ಮತ್ತೆ ದಿಬ್ಬ ಎಂದು ಗರಗಸದ ಹಲ್ಲಿನಂತಹ ತಳವನ್ನು ಯಂತ್ರ ಸೃಷ್ಟಿಸುತ್ತದೆ. ಅಂತಹ ನದಿ ಯಂತ್ರದಲ್ಲಲ್ಲದೆ ಭೂಮಿಯ ಮೇಲಿಲ್ಲ. ಈ ಬಗೆಯ ಗಣನೆಗಳಲ್ಲಿ ಹೆಜ್ಜೆಗೆ ಇರಬೇಕಾದ ಮಿತಿಯನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಗಣಕಯಂತ್ರಗಳು ಬರುವುದಕ್ಕೆ ಮುಂಚೆಯೇ, ೧೯೨೮ರಲ್ಲಿ, ತೋರಿಸಿಕೊಟ್ಟಿದ್ದರು.

ಇನ್ನೂ ಒಂದು ತೊಡಕಿದೆ. ಮರಳಿನ ತಳ ಸಪಾಟಾಗಿರುವುದಿಲ್ಲ. ನೀರು ಅದರ ಮೇಲೆ ಸಣ್ಣ ನಿರಿಗೆಗಳನ್ನೂ ದೊಡ್ಡ ದಿಣ್ಣೆಗಳನ್ನೂ ಮೂಡಿಸುತ್ತದೆ. ದಿಣ್ಣೆಗಳು ತಳವನ್ನು ಒರಟು ಮಾಡಿ ನೀರನ್ನು ತಡೆಯುತ್ತವೆ. ತಡೆದ ನೀರಿನ ಆಳ ಹೆಚ್ಚುತ್ತದೆ. ಪ್ರವಾಹ ಬಹಳ ರಭಸವಾದಾಗ ಅವೇ ದಿಣ್ಣೆಗಳು ಕೊಚ್ಚಿಹೋಗಿ ತಳ ಸಪಾಟಾಗುತ್ತದೆ. ಒರಟು ತಗ್ಗಿ ನೀರು ಸರಾಗವಾಗಿ ಓಡುತ್ತದೆ. ತಳವನ್ನು ನೀರು ರೂಪಿಸುತ್ತದೆ, ನೀರನ್ನು ತಳ ರೂಪಿಸುತ್ತದೆ. ಈ ಒರಟುತನದ ಅಂಕೆಯನ್ನು ಎಣಿಸುವವನೇ ಆರಿಸಬೇಕು. ಅದರಲ್ಲಿ ತಪ್ಪಿ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಎಣಿಸಿದರೆ ಐದನೆಯ ಘಾತದ ನಿಯಮದಿಂದ ಮರಳು ನೂರಕ್ಕೆ ಅರವತ್ತೊಂದರಷ್ಟು ಹೆಚ್ಚಾಗಿ ತೋರುತ್ತದೆ. ನೀರಿನ ಗಣಿತದಲ್ಲಿ ಕ್ಷಮ್ಯವಾದ ತಪ್ಪು ಮರಳಿನ ಗಣಿತದಲ್ಲಿ ಅಕ್ಷಮ್ಯವಾಗುತ್ತದೆ.

ಹಾಗಾದರೆ ನದಿಯ ಚಿಕ್ಕ ಮಾದರಿಯನ್ನು ಕಟ್ಟಿ ನೀರು ಹರಿಸಿ ನೋಡಬಾರದೇ? ಪುಣೆಯ ಬಳಿಯ ಖಡಕವಾಸಲಾದ ಕೇಂದ್ರ ಸಂಶೋಧನಾಲಯದಲ್ಲಿ, ಕೃಷ್ಣರಾಜಸಾಗರದ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ, ಹೈದರಾಬಾದಿನ ಹಿಮಾಯತ್‌ಸಾಗರದ ಬಳಿಯ ಇಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಇಂತಹ ಮಾದರಿಗಳ ಅಭ್ಯಾಸ ನಡೆದುಬಂದಿದೆ. ಕೋಡಿ, ತೂಬು, ಬಾಗಿಲುಗಳ ಪರೀಕ್ಷೆಗೆ ಅವು ಅನುಪಮ. ಮರಳಿಗೆ ಬಂದಾಗ ಮಾತ್ರ ಸಂಕಟ. ನದಿಯನ್ನು ನೂರನೆಯ ಒಂದು ಪಾಲಿಗೆ ಕುಗ್ಗಿಸಿದರೆ ಅರ್ಧ ಮಿಲಿಮೀಟರಿನ ಮರಳುಕಣವನ್ನೂ ಹಾಗೆಯೇ ಕುಗ್ಗಿಸಬೇಕು. ಆಗ ಅದು ಮರಳಾಗಿ ಉಳಿಯದೆ ನಯವಾದ ರೇವೆಯಾಗಿ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಅಲ್ಲದೆ ಐವತ್ತು ವರ್ಷಗಳ ಹರಿವನ್ನು ತೊಟ್ಟಿಯಲ್ಲಿ ಹರಿಸುವುದು ದುಸ್ಸಾಧ್ಯ. ಈ ಎರಡು ಕಾರಣಗಳಿಂದ ದೀರ್ಘಕಾಲದ ತಳಗಣನೆ ಗಣಕಯಂತ್ರದ ಪಾಲಿಗೆ ಬಂದಿತು.

ತುಂಗಭದ್ರೆಯ ಪರೀಕ್ಷೆ

ಪ್ರತಿರೂಪವನ್ನು ನಂಬುವ ಮೊದಲು ಪರೀಕ್ಷಿಸಬೇಕು. ಅದರ ಕ್ರಮ ಇದು: ಜಲಾಶಯವನ್ನು ಎರಡು ಬೇರೆ ವರ್ಷಗಳಲ್ಲಿ ಅಳೆದ ದಾಖಲೆಗಳಿರಬೇಕು. ಮೊದಲ ಅಳತೆಯಿಂದ ಹೊರಟು ಯಂತ್ರ ಎರಡನೆಯದನ್ನು ತಾನಾಗಿ ಮುಟ್ಟುವಂತೆ ಒರಟುತನ ಮೊದಲಾದ ಅಂಕೆಗಳನ್ನು ಹದಗೊಳಿಸಬೇಕು. ಅನಂತರ ಯಂತ್ರಕ್ಕೆ ತೋರಿಸದೆ ಇಟ್ಟ ಮೂರನೆಯ ಅಳತೆಯೊಡನೆ ಅದರ ಭವಿಷ್ಯವಾಣಿಯನ್ನು ಹೋಲಿಸಬೇಕು.

ಈ ಕ್ರಮಕ್ಕೆ ತುಂಗಭದ್ರೆಗಿಂತ ಬೋಧಪ್ರದವಾದ ನಿದರ್ಶನ ದುರ್ಲಭ. ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಕೂಡಿ ೧೯೪೫ರಲ್ಲಿ ಅಡಿಗಲ್ಲಿಟ್ಟ ಈ ಅಣೆಕಟ್ಟು ೧೯೫೩ರಲ್ಲಿ ನೀರು ಕೊಡತೊಡಗಿತು. ಆಗ ಜಲಾಶಯದ ಶಕ್ತಿ ೧೩೨.೪೭ ಟಿ.ಎಂ.ಸಿ. ಮೇಲೆ ಹೇಳಿದ ಪಟ್ಟಿಯಲ್ಲಿ ಇದಕ್ಕೆ ಊಹಿಸಿದ್ದ ವಾರ್ಷಿಕ ಹೂಳು ೯,೭೯೬ ಎಕರೆ-ಅಡಿ; ಕಂಡುಬಂದುದು ೪೧,೦೫೮. ನಾಲ್ಕು ಪಟ್ಟು. ಈ ಎರಡನೆಯ ವೇಗದಿಂದಲೇ ಹೂಳು ತುಂಬುತ್ತ ಹೋಗಿದ್ದರೆ ಐವತ್ತೈದು ವರ್ಷಗಳಲ್ಲಿ ಸುಮಾರು ೯೮ ಟಿ.ಎಂ.ಸಿ. ಕಳೆದು, ಮೂವತ್ತನಾಲ್ಕು ಮಾತ್ರ ಉಳಿಯಬೇಕಾಗಿತ್ತು. ಆದರೆ ೨೦೦೮ರ ಅಳತೆಯಲ್ಲಿ ದೊರೆತ ಶಕ್ತಿ ೧೦೦.೮೫೫ ಟಿ.ಎಂ.ಸಿ. ಐವತ್ತೈದು ವರ್ಷಗಳ ಸರಾಸರಿ ತೆಗೆದರೆ ವಾರ್ಷಿಕ ನಷ್ಟ ಸುಮಾರು ೧೩,೨೦೦ ಎಕರೆ-ಅಡಿ. ಮೂಲ ಊಹೆಗಿಂತ ಹೆಚ್ಚು, ನಡುವಿನ ಭಯಕ್ಕಿಂತ ಬಹಳ ಕಡಿಮೆ.

ಕೌತುಕ ಇಷ್ಟಕ್ಕೆ ಮುಗಿಯಲಿಲ್ಲ. ೨೦೧೬ರಲ್ಲಿ ಮತ್ತೆ ಅಳೆದಾಗ ಶಕ್ತಿ ೧೦೫.೭೮೮ ಟಿ.ಎಂ.ಸಿ. ಎಂದು ಬಂದಿತು. ಎಂಟು ವರ್ಷಗಳಲ್ಲಿ ಸುಮಾರು ಐದು ಟಿ.ಎಂ.ಸಿ. ಹೂಳು ತಾನಾಗಿ ಜಲಾಶಯವನ್ನು ಬಿಟ್ಟು ಹೋಯಿತೆಂದು ಭಾವಿಸುವುದು ಯುಕ್ತವಲ್ಲ. ನೂರಾರು ಚದರ ಕಿಲೋಮೀಟರುಗಳ ನೀರಿನ ಹರವಿನಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ಇರುವ ಸಹಜ ಅಂತರವೇ ಇದರಲ್ಲಿ ಪ್ರಕಟವಾಗಿದೆಯೆನ್ನಬೇಕು. ಆದರೂ ಈ ಐದು ಟಿ.ಎಂ.ಸಿ. ಕಾಗದದ ಮೇಲಿನ ಮಾತಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಗಳ ರೈತರಿಗೂ ಆಂಧ್ರ ತೆಲಂಗಾಣಗಳ ಪಾಲಿಗೂ ನೀರು ಹಂಚುವಾಗ ಆಧಾರವಾಗುವುದು ಇಂತಹ ಅಂಕೆಯೇ. ಹೂಳಿನಿಂದ ಕಳೆದ ಸ್ಥಳವನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವನ್ನು ಕರ್ನಾಟಕ ಸರ್ಕಾರ ಮುಂದಿಟ್ಟಿದೆ. ಅಂತಹ ಜಲಾಶಯ ಎಷ್ಟು ದೊಡ್ಡದಿರಬೇಕು, ಹಳೆಯದು ಇನ್ನೆಷ್ಟು ಕಾಲ ಬಾಳುತ್ತದೆ ಎಂಬ ನಿರ್ಣಯಗಳು ಕೊನೆಗೆ ತಳದ ಗಣಿತಕ್ಕೇ ಬಂದು ನಿಲ್ಲುತ್ತವೆ. ಅಳತೆಯಲ್ಲಿಯೇ ಐದು ಟಿ.ಎಂ.ಸಿ. ಅನಿಶ್ಚಿತವಾಗಿರುವಾಗ ಪ್ರತಿರೂಪದ ಉತ್ತರವನ್ನು ದಶಾಂಶದ ಮೂರು ಸ್ಥಾನಗಳ ವರೆಗೆ ಬರೆಯುವುದರಿಂದ ನಿಖರತೆಯ ಭ್ರಮೆ ಬೆಳೆಯುವುದೇ ಹೊರತು ನಿಖರತೆ ಬೆಳೆಯುವುದಿಲ್ಲ.

ಅಣೆಕಟ್ಟಿನ ಕೆಳಗೆ

ಮೇಲೆ ತುಂಬಿದುದು ಕೆಳಗೆ ಬರಿದಾಗುವುದು ಜಮಾಖರ್ಚಿನ ಇನ್ನೊಂದು ಮುಖ. ಜಲಾಶಯದಲ್ಲಿ ಹೊರೆ ಇಳಿಸಿ ಹೊರಬಂದ ತಿಳಿನೀರಿಗೆ ಮರಳನ್ನು ಹೊರುವ ಶಕ್ತಿಯಿದ್ದು ಹೊರಲು ಮರಳಿರುವುದಿಲ್ಲ. ಅದು ಕೆಳಗಿನ ಹಾಸನ್ನೇ ತಿನ್ನತೊಡಗುತ್ತದೆ. ಮೊದಲು ನಯವಾದ ಕಣಗಳು ಹೋಗುತ್ತವೆ. ದಪ್ಪ ಕಣಗಳೂ ಹರಳುಗಳೂ ಉಳಿದು ಕವಚದಂತೆ ತಳವನ್ನು ಮುಚ್ಚಿದಾಗ ಸವೆತ ನಿಧಾನವಾಗುತ್ತದೆ. ಮಂಜೀರೆಯಲ್ಲಿ ನಿಜಾಮಸಾಗರದ ಮೇಲ್ಗಡೆ ೧೯೮೦ರ ದಶಕದಲ್ಲಿ, ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಡುವ ಸಿಂಗೂರು ಜಲಾಶಯ ನಿರ್ಮಾಣವಾಯಿತು. ಅಂದಿನಿಂದ ಮೇಲಿನ ಸರಕಿನ ಬಹುಭಾಗವನ್ನು ಮೊದಲು ಹಿಡಿಯುವುದು ಅದು. ಆದಕಾರಣ ನಿಜಾಮಸಾಗರದ ಹಿಂದಿನ ಹೂಳಿನ ದರವನ್ನು ಮುಂದಿನ ದಶಕಗಳಿಗೆ ಹಾಗೆಯೇ ಚಾಚುವಂತಿಲ್ಲ. ನದಿಯ ಮೇಲಿನ ತುದಿಯ ಷರತ್ತೇ ಬದಲಾಗಿದೆ.

ಇದರ ಮೇಲೆ ಮನುಷ್ಯನ ಕೈಯೂ ಸೇರಿದೆ. ನಗರಗಳು ಬೆಳೆದಂತೆ ಕಟ್ಟಡಕ್ಕೆ ಬೇಕಾದ ಮರಳು ನದಿಯ ಹಾಸಿನಿಂದಲೇ ಬಂದಿದೆ. ಮೇಲಿನ ಉದಾಹರಣೆಯಲ್ಲಿ ಒಂದು ಕಿಲೋಮೀಟರು ನದಿ ಪ್ರವಾಹದ ಒಂದು ಇಡೀ ದಿನದಲ್ಲಿ ಕೂಡಿಟ್ಟ ಮರಳು ೪೩೫ ಘನಮೀಟರು. ಹತ್ತು ಘನಮೀಟರು ಹಿಡಿಯುವ ಲಾರಿಗಳು ನಲವತ್ತನಾಲ್ಕು ಬಂದರೆ ಅದು ಮುಗಿಯಿತು. ನದಿ ಕೂಡಿಡುವುದು ವರ್ಷದ ಕೆಲವೇ ವಾರಗಳಲ್ಲಿ; ಲಾರಿ ಸಾಗುವುದು ಉಳಿದ ತಿಂಗಳುಗಳಲ್ಲೆಲ್ಲ. ಖರ್ಚು ಜಮೆಯನ್ನು ಮೀರಿದರೆ ತಳ ಕುಸಿಯುತ್ತದೆ. ಸೇತುವೆಯ ಅಡಿಪಾಯ ಬಯಲಾಗುತ್ತದೆ. ದಡದ ಬಾವಿಗಳ ನೀರು ಕೆಳಗಿಳಿಯುತ್ತದೆ. ಮರಳಿನ ಸಂದುಗಳು ರಾಶಿಯ ನೂರಕ್ಕೆ ನಲವತ್ತು ಪಾಲೆಂದು ಮೇಲೆ ಹೇಳಿತು. ಬೇಸಗೆಯ ಒರತೆಗೆ ನೀರು ಒದಗುವುದು ಆ ಸಂದುಗಳಲ್ಲಿಯೇ. ಮರಳು ಹೋದರೆ ಅದರೊಡನೆ ನೀರಿನ ಕಣಜವೂ ಹೋಯಿತು.

ಒಟ್ಟಿನಲ್ಲಿ ತಳದ ಗಣಿತದ ಸೂತ್ರಗಳು ನೂರು ವರ್ಷಗಳಿಂದ ತಿಳಿದಿವೆ. ಯಂತ್ರಗಳೂ ಸುಲಭವಾಗಿ ದೊರೆಯುತ್ತವೆ. ಕೊರತೆಯಿರುವುದು ಅಳತೆಯಲ್ಲಿ. ನದಿಯ ಠಾಣೆಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ನೀರಿನಲ್ಲಿ ತೇಲಿಬರುವ ಸರಕನ್ನು. ತಳಕ್ಕೆ ಅಂಟಿ ಉರುಳುವ ಮರಳನ್ನು ಹಿಡಿದು ತೂಗುವುದು ಕಷ್ಟವಾದುದರಿಂದ ಅದನ್ನು ಒಂದು ಶೇಕಡಾ ಅಂಶವೆಂದು ಊಹಿಸಿ ಸೇರಿಸುವುದೇ ರೂಢಿ. ಹೊಳೆಯಿಂದ ಒಯ್ದ ಮರಳಿನ ನಿಜವಾದ ಪ್ರಮಾಣ ದಾಖಲೆಗೆ ಬರುವುದೂ ಅಪರೂಪ. ಒಂದು ನದಿಯ ಪ್ರತಿರೂಪವನ್ನು ರಚಿಸಲು ಕೆಲವು ತಿಂಗಳು ಸಾಕು. ಅದನ್ನು ಪರೀಕ್ಷಿಸಲು ಬೇಕಾದ ಅಳತೆಗಳು ಮೂವತ್ತು ನಲವತ್ತು ಮಳೆಗಾಲಗಳ ಫಲ. ಪ್ರತಿ ಮಳೆಗಾಲದ ಮೊದಲು ಮತ್ತು ಕೊನೆಗೆ ಗೊತ್ತಾದ ಕೊಯ್ತಗಳಲ್ಲಿ ತಳದ ಮಟ್ಟವನ್ನು ಹಿಡಿಯುವುದು, ಪ್ರವಾಹದ ದಿನಗಳಲ್ಲಿ ತಪ್ಪದೆ ನೀರಿನ ಮಾದರಿ ತೆಗೆಯುವುದು, ಒಂದೇ ವಿಧಾನದಿಂದ ಜಲಾಶಯವನ್ನು ಗೊತ್ತಾದ ಅವಧಿಗೊಮ್ಮೆ ಅಳೆಯುವುದು, ಇವು ಕೀರ್ತಿ ತರುವ ಕೆಲಸ ಅಲ್ಲದಿರಬಹುದು. ಆದರೆ ೫೩೦ ಎಂಬ ಅಂಕೆಯೊಂದರಿಂದ ನಿಜಾಮಸಾಗರದ ಅಚ್ಚುಕಟ್ಟು ತೆತ್ತ ಬೆಲೆಯನ್ನು ನೆನೆದರೆ, ಈ ಕೆಲಸಕ್ಕೆ ತಗಲುವ ವೆಚ್ಚ ಎಷ್ಟು ಅಲ್ಪವೆಂಬುದು ತಾನಾಗಿಯೇ ವೇದ್ಯವಾಗುತ್ತದೆ.